ಎರಡು ಪ್ಲೇಟ್ ಇಡ್ಲಿಗೆ 4040 ರೂಪಾಯಿ: ಜಾವಾ, ಪೈಥಾನ್ ಹೋಲಿಸಿ ನೋಡುವುದು ಹೇಗೆ?

ಜಾವಾ ಕಲಿಯಬೇಕಾ, ಪೈಥಾನ್ ಕಲಿಯಬೇಕಾ? ಮುಂಬೈಯಲ್ಲಿ ಹಗಲು ಕೆಲಸ, ಸಂಜೆ ಕೋಡಿಂಗ್ ಕ್ಲಾಸು ಎಂದು ಓಡಾಡುವ ನಮ್ಮ ಹುಡುಗ ಹುಡುಗಿಯರು ಕೇಳುವ ಪ್ರಶ್ನೆ ಇದು. ಎರಡೂ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಭಾಷೆಗಳೇ, ಅಂದರೆ ಮಾಹಿತಿಯನ್ನೂ ಅದರ ಮೇಲೆ ನಡೆಯುವ ಕೆಲಸವನ್ನೂ 'ಆಬ್ಜೆಕ್ಟ್' ಎಂಬ ಒಂದೇ ಗಂಟಿನಲ್ಲಿ ಇಡುವಂಥವು. ಜಾವಾ ಸ್ಟ್ಯಾಟಿಕ್ ಟೈಪ್‌ನದು. ಯಾವ ವೇರಿಯೇಬಲ್‌ನಲ್ಲಿ ಅಂಕಿ, ಯಾವುದರಲ್ಲಿ ಅಕ್ಷರ ಎಂಬುದು ಪ್ರೋಗ್ರಾಂ ಓಡುವ ಮೊದಲೇ ತೀರ್ಮಾನವಾಗಿರಬೇಕು. ಪೈಥಾನ್ ಡೈನಾಮಿಕ್. ಓಡುವಾಗ ನೋಡಿಕೊಳ್ಳುತ್ತದೆ. ಯಾವುದು ಮೇಲು ಎಂಬ ವಾದ ಕೇಳುತ್ತಾ ಕೂತರೆ ತಲೆಬುಡ ತಿಳಿಯುವುದಿಲ್ಲ. ಒಂದೇ ಕೆಲಸವನ್ನು ಎರಡರಲ್ಲೂ ಬರೆದು, ಬೇಕೆಂದೇ ತಪ್ಪು ಮಾಡಿ ನೋಡಿ. ಆನ್‌ಲೈನ್ ಕಂಪೈಲರ್ (ಬರೆದ ಕೋಡನ್ನು ಓಡಿಸಬಲ್ಲ ರೂಪಕ್ಕೆ ತಿರುಗಿಸುವ ಟೂಲ್) ಸಾಕು. ಲೋಕಲ್‌ನಲ್ಲಿ ಸೀಟು ಸಿಕ್ಕಿದರೆ ಮೊಬೈಲಿನಲ್ಲೇ ಆಗುತ್ತದೆ.

ಹೆಜ್ಜೆ 1: ಮಾಟುಂಗಾದ ಒಂದು ಉಡುಪಿ ಹೋಟೆಲಿನ ಬಿಲ್ ಎಂದುಕೊಳ್ಳಿ. 'ತಿಂಡಿ' ಎಂಬ ಕ್ಲಾಸ್ (ಆಬ್ಜೆಕ್ಟ್‌ಗಳನ್ನು ಮಾಡುವ ಅಚ್ಚು) ಬರೆಯಿರಿ. ಅದರೊಳಗೆ ಹೆಸರು, ಬೆಲೆ, ಜೊತೆಗೆ 'ಮೊತ್ತ' ಎಂಬ ಮೆಥಡ್. ಬೆಲೆಯನ್ನು ಪ್ಲೇಟ್‌ಗಳ ಸಂಖ್ಯೆಯಿಂದ ಗುಣಿಸುವುದು ಮೆಥಡ್‌ನ ಕೆಲಸ. (ಈ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದು, ಎರಡೂ ಭಾಷೆಗಳು ಒಪ್ಪುತ್ತವೆ.) ಜಾವಾದಲ್ಲಿ ಹೆಸರು ಸ್ಟ್ರಿಂಗ್ (ಅಕ್ಷರ), ಬೆಲೆ ಇಂಟ್ (ಪೂರ್ಣಾಂಕ) ಎಂದು ಹೇಳಲೇಬೇಕು. ಪೈಥಾನ್‌ನಲ್ಲಿ ಆ ಗೋಜಿಲ್ಲ.

ಹೆಜ್ಜೆ 2: ಇಡ್ಲಿಯ ಬೆಲೆ 40 ಎಂದು ಕೊಡುವ ಬದಲು ಉದ್ಧರಣ ಚಿಹ್ನೆಯೊಳಗೆ "40" ಎಂದು ಕೊಡಿ. ಈಗ ಅದು ಅಂಕಿಯಲ್ಲ, ಅಕ್ಷರ. ಸುಮ್ನೆ ಕಲ್ಪನೆ ಅಲ್ಲ ಇದು. ಬಳಕೆದಾರರು ಕೀಬೋರ್ಡಿನಲ್ಲಿ ಒತ್ತಿದ ಬೆಲೆ ಪೈಥಾನ್‌ನ ಇನ್‌ಪುಟ್‌ಗೆ ಹೀಗೇ ಬರುತ್ತದೆ. ಜಾವಾ ಕಂಪೈಲರ್ ಅಲ್ಲೇ ತಡೆಯುತ್ತದೆ, ಪ್ರೋಗ್ರಾಂ ಓಡುವುದೇ ಇಲ್ಲ. ಪೈಥಾನ್ ಓಡುತ್ತದೆ. ಎರಡು ಪ್ಲೇಟ್‌ನ ಮೊತ್ತ ಕೇಳಿದರೆ 4040 ಎನ್ನುತ್ತದೆ! ಅಕ್ಷರವನ್ನು 2ರಿಂದ ಗುಣಿಸು ಎಂದರೆ ಅದನ್ನೇ ಎರಡು ಸಲ ಬರೆ ಎಂದು ಅದರ ಲೆಕ್ಕ. ಎರರ್ ಬರುವುದಿಲ್ಲ, ಬಿಲ್ ಮಾತ್ರ ಬರುತ್ತದೆ. ಇದಕ್ಕೆ 20 ರೂಪಾಯಿಯ ಚಹಾ ಕೂಡಿಸಲು ಹೋದಾಗಷ್ಟೇ ಟೈಪ್‌ಎರರ್ ಎಂದು ನಿಲ್ಲುತ್ತದೆ. ಡೈನಾಮಿಕ್ ಭಾಷೆಗಳೆಲ್ಲ ಒಂದೇ ಥರ ಎಂದೂ ತಿಳಿಯಬೇಡಿ. ಜಾವಾಸ್ಕ್ರಿಪ್ಟ್‌ನಲ್ಲಿ (ಇದು ಜಾವಾ ಅಲ್ಲ, ಬೇರೆಯೇ ಭಾಷೆ) "40" ಗುಣಿಸು 2 ಎಂದರೆ 80, ಸರಿಯಾದ ಉತ್ತರ. ಆದರೆ "40"ಕ್ಕೆ 20 ಕೂಡಿಸಿದರೆ 4020. ನನ್ನನ್ನು ಕೇಳಿದರೆ ಎರರ್ ಕೊಟ್ಟು ನಿಲ್ಲುವ ಪೈಥಾನೇ ವಾಸಿ.

ಹೆಜ್ಜೆ 3: ದರ ಏರಿಸಿ, ಆದರೆ 'ಬೆಲೆ' ಬದಲು 'ಬೇಲೆ' ಎಂದು ಬರೆದು 45 ಕೊಡಿ. ಆ ಹೆಸರೇ ಇಲ್ಲ ಎಂದು ಜಾವಾ ಗದರಿಸುತ್ತದೆ. ಪೈಥಾನ್ 'ಬೇಲೆ' ಎಂಬ ಹೊಸದೊಂದನ್ನು ಆ ಆಬ್ಜೆಕ್ಟ್‌ಗೆ ಅಂಟಿಸಿ ಸುಮ್ಮನಾಗುತ್ತದೆ. ಹಳೆಯ 40 ಹಾಗೇ ಉಳಿಯುತ್ತದೆ. ನಾಲ್ಕಾರು ಜನ ಕೈಯಾಡಿಸುವ ದೊಡ್ಡ ಪ್ರೋಗ್ರಾಂನಲ್ಲಿ ಇಂಥ ತಪ್ಪು ಹುಡುಕುವುದು ಬಲು ಕಷ್ಟ. ಅಲ್ಲಿ ನನ್ನ ಓಟು ಜಾವಾಕ್ಕೆ.

ಹೆಜ್ಜೆ 4: ಈಗ ಪೈಥಾನ್‌ನ ಸರದಿ. 'ಪಾರ್ಸೆಲ್' ಎಂಬ ಬೇರೆ ಕ್ಲಾಸ್ ಮಾಡಿ, ಅದಕ್ಕೂ 'ಮೊತ್ತ' ಮೆಥಡ್ ಕೊಡಿ. ಪೈಥಾನ್‌ನ ಬಿಲ್ ಎರಡನ್ನೂ ಒಟ್ಟಿಗೆ ಕೂಡಿಸುತ್ತದೆ. ಅದಕ್ಕೆ 'ಮೊತ್ತ' ಇದ್ದರಾಯಿತು, ಕುಲಗೋತ್ರ ಕೇಳುವುದಿಲ್ಲ. ಡಕ್ ಟೈಪಿಂಗ್ ಎನ್ನುವುದು ಇದಕ್ಕೇ. ಜಾವಾದಲ್ಲಿ ಮೊದಲು ಒಂದು ಇಂಟರ್‌ಫೇಸ್ (ಯಾವ ಮೆಥಡ್ ಇರಲೇಬೇಕು ಎಂಬ ಕರಾರು) ಬರೆದು, ಎರಡೂ ಕ್ಲಾಸ್‌ಗಳು ಅದನ್ನು ಪಾಲಿಸುತ್ತವೆ ಎಂದು ಘೋಷಿಸಬೇಕು. ಸಂಘದ ಪಿಕ್ನಿಕ್ ವಂತಿಗೆ ಲೆಕ್ಕ ಹಾಕುವಂಥ ಒಂದು ಸಂಜೆಯ ಕೆಲಸಕ್ಕೆ ಇಷ್ಟೆಲ್ಲ ಜಾಸ್ತಿಯೇ ಆಯಿತು, ಅಲ್ವಾ?

ಹೆಜ್ಜೆ 5: ಜಾವಾದಲ್ಲಿ ಹೆಸರಿನ ಜಾಗದಲ್ಲಿ ನಲ್ (ಏನೂ ಇಲ್ಲ ಎಂಬ ಗುರುತು) ಕೊಟ್ಟು, ಆ ಹೆಸರಿನ ಉದ್ದ ಕೇಳಿ. ಕಂಪೈಲರ್ ಚಕಾರ ಎತ್ತುವುದಿಲ್ಲ. ಓಡುವಾಗ ನಲ್‌ಪಾಯಿಂಟರ್‌ಎಕ್ಸೆಪ್ಶನ್ ಎಂಬ ಎರರ್! 1965ರಲ್ಲಿ ನಲ್ ತಂದ ಬ್ರಿಟಿಷ್ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ 2009ರಲ್ಲಿ ಅದನ್ನು ತಮ್ಮ ನೂರು ಕೋಟಿ ಡಾಲರ್ ತಪ್ಪು ಎಂದು ಕರೆದರು.

ಹೆಜ್ಜೆ 6: 2015ರ ಪೈಥಾನ್ 3.5ರಿಂದ ಟೈಪ್ ಹಿಂಟ್ (ಯಾವುದರಲ್ಲಿ ಅಂಕಿ, ಯಾವುದರಲ್ಲಿ ಅಕ್ಷರ ಎಂಬ ಸೂಚನೆ) ಬರೆಯುವ ಸೌಲಭ್ಯವಿದೆ. ನಿಮ್ಮ ಕ್ಲಾಸ್‌ನಲ್ಲಿ ಬೆಲೆ ಇಂಟ್ ಎಂದು ಸೇರಿಸಿ ಓಡಿಸಿ. ಅದೇ 4040 ಬರುತ್ತದೆ, ಏಕೆಂದರೆ ಓಡುವಾಗ ಪೈಥಾನ್ ಈ ಹಿಂಟ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದೇ ಫೈಲನ್ನು ಮೈಪೈ ಎಂಬ ಟೂಲ್‌ಗೆ ಕೊಡಿ. "40" ಮತ್ತು 'ಬೇಲೆ' ಎರಡನ್ನೂ ಸಾಲಿನ ಸಂಖ್ಯೆ ಸಮೇತ ಹಿಡಿದು ತೋರಿಸುತ್ತದೆ.