ಸಂತೆಗೆ ಹೊರಡೋ ಮುಂಚೆ ಮೊದ್ಲು ಫ್ರಿಡ್ಜ್ ತಗದು ನೋಡ್ರಿ

ಹೋದ ವಾರ ನಮ್ಮನೆ ಫ್ರಿಡ್ಜಿನ ತರಕಾರಿ ಟ್ರೇ ತಳದಾಗೆ ಒಂದು ಕವರ್ ಸಿಕ್ತು, ಒಳಗಡೆ ಕೊತ್ತಂಬರಿ ಕೊಳ್ತು ಕರ್ರಗೆ ನೀರಾಗಿತ್ತು, ಅದನ್ನ ಎಸಿಯಾಕೆ ಹೊಂಟವ್ನ ಇನ್ನೊಂದು ಕೈಯಾಗೆ ಆವತ್ತೇ ಕೆ.ಆರ್. ಮಾರ್ಕೆಟಿಂದ ತಂದ ಹೊಸಾ ಎರಡು ಸಿವುಡು ಕೊತ್ತಂಬರಿ. ಪರಿಸರ ಅಂದ್ರೆ ಎಲ್ರೂ ಬಟ್ಟೆ ಚೀಲ ಚೀಲ ಅಂತಾರೆ, ನನ್ನ ಕೇಳಿದ್ರೆ ಚೀಲ ಎರಡನೇದು, ಮೊದ್ಲು ಮನೇಲಿ ಏನೈತೆ ನೋಡಿ ಚೀಟಿ ಬರ್ಕಳ್ರಿ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವ್ರು 2024ರಾಗೆ ಕೊಟ್ಟ ವರದಿ ಪ್ರಕಾರ ನಮ್ಮ ದೇಶದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕೆಜಿ ಊಟದ ಸಾಮಾನು ಕಸಕ್ಕೆ ಹೋಗ್ತೈತೆ. ಅದು ಕಸದ ಗುಡ್ಡೆ ಅಡಿಗೆ ಗಾಳಿ ಆಡ್ದೆ ಕೊಳ್ತು, ಭೂಮಿನ ಬಿಸಿ ಮಾಡೋ ಮೀಥೇನ್ ಅನ್ನೋ ಗ್ಯಾಸ್ ಬಿಡ್ತೈತೆ.

ಈರುಳ್ಳಿ ವಿಷ್ಯ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಯಾಕಂದ್ರೆ ನಾವು ಮೋಸ ಹೋಗೋದು ಅಲ್ಲೇ. ಚಳ್ಳಕೆರೆ ಹಿರಿಯೂರು ಕಡೆ ಮಳೆಗಾಲದ ಈರುಳ್ಳಿ ಬಂದಾಗ ರೇಟ್ ಬಿದ್ದೋಗಿರ್ತೈತೆ, ಗಾಡಿಯವ್ನು ಹತ್ತು ಕೆಜಿ ಇಷ್ಟಕ್ಕೇ ಅಂತ ಕೂಗ್ತಾನೆ, ನಾವೂ ತುಂಬ್ಕಂಡು ಬರ್ತೀವಿ. ಆ ಬೆಳೆಯಾಗೆ ನೀರಿನಂಶ ಜಾಸ್ತಿ, ಬೇಸಿಗೆ ಗಡ್ಡೆ ಥರ ಬಾಳಿಕೆ ಬರಲ್ಲ, ಸ್ವಲ್ಪ ದಿನಕ್ಕೇ ಕುತ್ತಿಗೆ ಹತ್ರ ಮೆತ್ತಗಾಗಿ ವಾಸನೆ ಶುರು. ಕುತ್ತಿಗೆ ಒತ್ತಿ ನೋಡ್ರಿ, ಗಟ್ಟಿಯಾಗಿ ಒಣಗಿದ್ರೆ ಮಾತ್ರ ಜಾಸ್ತಿ ತಗಳ್ರಿ, ಇಲ್ಲಾಂದ್ರೆ ಎರಡು ಕೆಜಿ ಸಾಕು. ಮನೇಲಿ ಆಲೂಗಡ್ಡೆ ಜೊತೆ ಇಡಬ್ಯಾಡ್ರಿ, ಬುಟ್ಟಿಯಾಗೆ ಹರಡಿ ಗಾಳಿ ಆಡಂಗಿರ್ಲಿ. ಕೊತ್ತಂಬರಿಗೆ ಬೇರು ಕತ್ತರಿಸಿ ಒಣ ಬಟ್ಟೆಯಾಗೆ ಸುತ್ತಿ ಡಬ್ಬಿಗೆ ಹಾಕೋದು, ತೊಳೆಯೋದು ಅಡಿಗೆ ಮಾಡೋ ಟೈಮಿಗೆ.

ಈಗ ಚೀಲ. ಮದುವೆ ಮನೇಲಿ ಕೊಟ್ಟ ತಾಂಬೂಲದ ಚೀಲ ಬೀರು ಮೇಲೆ ಗುಡ್ಡೆ ಬಿದ್ದಿರ್ತಾವಲ್ಲ, ಅದ್ರಾಗೆ ಮುಟ್ಟಿದ್ರೆ ಬಟ್ಟೆ ಥರಾನೇ ಇರೋ ಬಹಳಷ್ಟು ಚೀಲ ಬಟ್ಟೆ ಅಲ್ಲ, ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್. ಡೌಟ್ ಇದ್ರೆ ಒಂದು ಎಳೆ ಕಿತ್ತು ಬೆಂಕಿ ಕಡ್ಡಿ ಹಿಡೀರಿ, ಕರಗಿ ಉಂಡೆ ಆದ್ರೆ ಪ್ಲಾಸ್ಟಿಕ್, ಕಾಗದ ಥರ ಉರಿದು ಬೂದಿ ಆದ್ರೆ ಹತ್ತಿ. ಹಂಗಂತ ಇರೋದನ್ನ ಎಸೆದು ಹೊಸಾ ಹತ್ತಿ ಚೀಲ ತರೋಕೆ ಓಡಬ್ಯಾಡ್ರಿ, ಇಂಗ್ಲೆಂಡಿನ ಸರ್ಕಾರಿ ಪರಿಸರ ಸಂಸ್ಥೆ 2011ರಾಗೆ ಲೆಕ್ಕ ಹಾಕಿದ ಪ್ರಕಾರ ಭೂಮಿ ಬಿಸಿ ಮಾಡೋ ವಿಷ್ಯದಾಗೆ ಹತ್ತಿ ಚೀಲ 131 ಸಲ ಬಳಸಿದ್ರೇನೇ ಒಂದೇ ಸಲ ಬಳಸೋ ಕವರಿಗಿಂತ ವಾಸಿ. ನಮ್ಮಮ್ಮನ ವೈರ್ ಬ್ಯಾಗ್ ಅಪ್ಪಟ ಪ್ಲಾಸ್ಟಿಕ್ಕೇ, ನಾನು ಹೈಸ್ಕೂಲಿಗೆ ಹೋಗೋವಾಗಿಂದ ಐತೆ, ಹಿಡಿಕೆ ಎರಡು ಸಲ ಹೊಲ್ಸಿದ್ವಿ, ಅದಕ್ಕಿಂತ ಒಳ್ಳೇ ಚೀಲ ನಾನು ಕಂಡಿಲ್ಲ.

ಚೀಲ ಬೈಕಿನ ಡಿಕ್ಕಿಯಾಗೇ ಇರ್ಲಿ. ರಾಜ್ಯದಾಗೆ 2016ರಿಂದ ಪ್ಲಾಸ್ಟಿಕ್ ಕವರ್ ಬ್ಯಾನು, ಆದ್ರೂ ತಕ್ಕಡಿ ಇಳಿಸೋಷ್ಟರಲ್ಲಿ ತರಕಾರಿ ಮಾರೋರ ಕೈ ಕವರಿಗೆ ಹೋಗಿರ್ತೈತೆ. ಅದಕ್ಕೇ ರೇಟ್ ಕೇಳೋವಾಗ್ಲೇ ಚೀಲ ಬಾಯಿ ಬಿಚ್ಚಿ ಹಿಡಿದು "ಅಕ್ಕ, ಕವರ್ ಬ್ಯಾಡ, ಇದ್ರಾಗೇ ಸುರಿ" ಅಂದ್ಬಿಡ್ರಿ, ಟೊಮೇಟೊ ಕೊನೆಗೆ ತಗಳ್ರಿ.

ಅಕ್ಕಿ ಬಗ್ಗೆ ಒಂದು ಮಾತು, ಭದ್ರಾ ಚಾನಲ್ ನೀರು ನಿಲ್ಲಿಸಿ ಬೆಳೆಯೋ ಭತ್ತದ ಗದ್ದೆಯಿಂದಾನೂ ಮೀಥೇನ್ ಬರ್ತೈತೆ, ಅನ್ನ ಬಿಡ್ರಿ ಅಂತಲ್ಲ, ವಾರಕ್ಕೆ ಎರಡು ರಾತ್ರಿ ಜೋಳದ ರೊಟ್ಟಿನೋ ಹೊಸದುರ್ಗದ ಸಾಮೆ ಅನ್ನನೋ ಆದ್ರೆ ನಷ್ಟ ಏನಿಲ್ಲ.

ಗಾಣದ ಶೇಂಗಾ ಎಣ್ಣೆಗೆ ಸ್ಟೀಲ್ ಕ್ಯಾನ್, ಮಂಡಕ್ಕಿಗೆ ಬಿಗಿ ಮುಚ್ಚಳದ ಡಬ್ಬಿನೇ ಒಯ್ರಿ, ಬಟ್ಟೆ ಚೀಲದಾಗೆ ತಂದ್ರೆ ಮಳೆಗಾಲದಾಗೆ ಮನೆ ಮುಟ್ಟೋಷ್ಟರಲ್ಲಿ ಮೆತ್ತಗಾಗಿರ್ತೈತೆ. ಎಣ್ಣೆ ತೂಕದ ಲೆಕ್ಕದಾಗೆ ಕೊಡೋ ಕಡೆ ಖಾಲಿ ಕ್ಯಾನ್ ಮೊದ್ಲು ತೂಗಿಸ್ಕಳ್ರಿ, ನಾನು ಮರ್ತು ಒಂದ್ಸಲ ಕಾಲು ಕೆಜಿ ಸ್ಟೀಲಿಗೆ ಎಣ್ಣೆ ರೇಟ್ ಕೊಟ್ಟು ಬಂದೀನಿ.