ಗೋಡೆಗೂ ಚಾವಣಿಗೂ ನಡುವೆ ಒಂದು ಮಿಲಿಮೀಟರ್

ಫ್ರಾನ್ಸಿನ ರೋನ್‌ಶಾಂ ಊರಿನ ಗುಡ್ಡದ ಮೇಲೆ ಒಂದು ಬಿಳಿ ಚಾಪೆಲ್, ಅಂದರೆ ಪುಟ್ಟ ಚರ್ಚು, ಇದೆ. ಚಂಡೀಗಢವನ್ನು ರೂಪಿಸಿದ ಲೆ ಕಾರ್ಬೂಸಿಯೆ ಅವರದೇ ವಿನ್ಯಾಸ. ಅದರ ಮಾದರಿಯನ್ನು ನಾನು 1:100 ಅಳತೆಯಲ್ಲಿ ಮಾಡಿದೆ. ಅಲ್ಲಿಯ ಒಂದು ಮೀಟರ್ ನನ್ನ ಮೇಜಿನ ಮೇಲೆ ಒಂದು ಸೆಂಟಿಮೀಟರ್. ನಕ್ಷೆ, ಫೋಟೊ ಎಲ್ಲ ಎಷ್ಟೋ ಸಲ ನೋಡಿದ್ದೆ. ಅರ್ಥವಾಗತೊಡಗಿದ್ದು ಮಾತ್ರ ಕತ್ತರಿ ಹಿಡಿದ ಮೇಲೆ.

ಮೊದಲ ತಪ್ಪು ತಳದಲ್ಲೇ ಆಯಿತು. ಸಪಾಟಾದ ಹಲಗೆ ತೆಗೆದುಕೊಂಡಿದ್ದೆ. ಆದರೆ ಅಲ್ಲಿ ಒಳಗಿನ ನೆಲವೇ ಗುಡ್ಡದ ಇಳಿಜಾರು ಹಿಡಿದು ಬಲಿಪೀಠದ ಕಡೆ ಇಳಿಯುತ್ತದೆ. ಹಲಗೆ ಬದಿಗಿಟ್ಟು, ರಟ್ಟಿನ ಪದರ ಅಂಟಿಸಿ ಮತ್ತೆ ಶುರು ಮಾಡಿದೆ.

ಆ ಗುಡ್ಡ ಹಿಂದಿನಿಂದಲೂ ಯಾತ್ರೆಯ ಜಾಗ. ಅಲ್ಲಿದ್ದ ಹಳೆಯ ಚಾಪೆಲ್ 1944ರ ಯುದ್ಧದಲ್ಲಿ ಹಾಳಾಯಿತು. ಬಿದ್ದ ಕಲ್ಲುಗಳನ್ನೇ ಹೊಸ ಗೋಡೆಗಳಿಗೆ ಬಳಸಿದರು. ಆ ಗೋಡೆಗಳು ಬಾಗಿರುವುದು ಸುಮ್ನೆ ಚಂದಕ್ಕಲ್ಲ. ನೇರವಾದ ರಟ್ಟಿನ ಪಟ್ಟಿ ನಿಲ್ಲಿಸಿದರೆ, ಉಸಿರು ತಾಗಿದರೂ ಬೀಳುತ್ತಿತ್ತು. ಅದನ್ನೇ ಬಾಗಿಸಿ ಇಟ್ಟೆ. ಬೆರಳು ತೆಗೆದರೂ ನಿಂತಿತು.

ದಕ್ಷಿಣದ ಗೋಡೆ ಬೇರೆ ಥರ. ಕೋಟೆ ಗೋಡೆಯಷ್ಟು ದಪ್ಪ ಕಾಣುತ್ತದೆ, ಒಳಗೆ ಟೊಳ್ಳು. ಕಾಂಕ್ರೀಟ್ ಚೌಕಟ್ಟು, ಅದಕ್ಕೆ ತಂತಿ ಜಾಲರಿ, ಜಾಲರಿಯ ಮೇಲೆ ಎರಚಿದ ಕಾಂಕ್ರೀಟ್. ಕಿಟಕಿಗಳು ಒಂದರ ಹಾಗೆ ಇನ್ನೊಂದಿಲ್ಲ. ಕೆಲವು ಹೊರಗೆ ಸಣ್ಣ ಕಿಂಡಿ, ಒಳಗೆ ಬರುತ್ತಾ ಅಗಲ. ಅವನ್ನು ಕೊರೆಯಲು ಎರಡು ಸಂಜೆ ಬೇಕಾಯಿತು.

ಇನ್ನು ಚಾವಣಿ. ಏಡಿಯ ಚಿಪ್ಪು ನೋಡಿ ಹೊಳೆದದ್ದಂತೆ. 6 ಸೆಂಟಿಮೀಟರ್ ದಪ್ಪದ ಎರಡು ಕಾಂಕ್ರೀಟ್ ಪದರ, ನಡುವೆ 2.26 ಮೀಟರ್ ಖಾಲಿ. ನಾನೂ ಎರಡು ಹಾಳೆ ಬಾಗಿಸಿ, ಮಧ್ಯೆ ರಟ್ಟಿನ ಪಕ್ಕೆಲುಬು ಕೊಟ್ಟು ಜೋಡಿಸಿದೆ. ಗೋಡೆಗಳ ಮೇಲಿಟ್ಟು ಗೋಂದು ಹಾಕಿದೆ. ಬಾಗಿಲ ಸಂದಿಯಿಂದ ಒಳಗೆ ಇಣುಕಿದರೆ, ಚಾವಣಿ ತಲೆಯ ಮೇಲೆ ಕುಸಿದು ಬಂದ ಹಾಗಿತ್ತು.

ಮತ್ತೆ ನಕ್ಷೆ ಬಿಡಿಸಿದೆ. ದಕ್ಷಿಣ ಮತ್ತು ಪೂರ್ವದಲ್ಲಿ ಚಾವಣಿ ಗೋಡೆಗೆ ತಾಗುವುದೇ ಇಲ್ಲ! ಗೋಡೆಯೊಳಗೆ ಅಡಗಿದ ಕಂಬಗಳು ಅದನ್ನು ಹೊರುತ್ತವೆ. ನಡುವೆ ಸುಮಾರು 10 ಸೆಂಟಿಮೀಟರ್ ಸೀಳು. ನನ್ನ ಲೆಕ್ಕದಲ್ಲಿ ಒಂದೇ ಮಿಲಿಮೀಟರ್. ಅಷ್ಟನ್ನೇ ನಾನು ಗೋಂದಿನಲ್ಲಿ ಮುಚ್ಚಿಬಿಟ್ಟಿದ್ದೆ.

ಬ್ಲೇಡಿನಿಂದ ನಿಧಾನವಾಗಿ ಚಾವಣಿ ಬಿಡಿಸಿದೆ. ಆ ಎರಡು ಗೋಡೆಗಳ ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ ತಗ್ಗಿಸಿದೆ. ತಲೆ ಕತ್ತರಿಸಿದ ಗುಂಡುಸೂಜಿಗಳನ್ನು ಕಂಬಗಳ ಜಾಗದಲ್ಲಿ ಚುಚ್ಚಿ, ಅವುಗಳ ಮೇಲೆ ಚಾವಣಿ ಕೂರಿಸಿದೆ. ದೀಪ ಆರಿಸಿ ಹೊರಗಿನಿಂದ ಟಾರ್ಚ್ ಬಿಟ್ಟೆ. ಗೋಡೆಯ ತುದಿಯಲ್ಲಿ ನೂಲಿನಷ್ಟು ತೆಳ್ಳನೆಯ ಬೆಳಕು ಹರಿಯಿತು. ಅಷ್ಟು ಭಾರದ ಚಾವಣಿ ತೇಲಿತು. ಎಷ್ಟು ಹೊತ್ತು ನೋಡುತ್ತಾ ಕೂತಿದ್ದೆನೋ.

ಆಮೇಲೆ ಪಶ್ಚಿಮದ ದೋಣಿ ಕೂರಿಸಿದೆ. ಮಳೆನೀರೆಲ್ಲ ಅದರಿಂದಲೇ ಕೆಳಗಿನ ತೊಟ್ಟಿಗೆ ಬೀಳುತ್ತದೆ. ಪೂರ್ವದ ಗೋಡೆಯಲ್ಲಿ ಗಾಜಿನ ಗೂಡಿನೊಳಗೆ ಮರಿಯಮ್ಮನವರ ಪುಟ್ಟ ಪ್ರತಿಮೆ ಇದೆ. ಯಾತ್ರಿಕರು ಜಾಸ್ತಿ ಬಂದ ದಿನ ಹೊರಗಡೆಯೇ ಪೂಜೆ. ಆಗ ಪ್ರತಿಮೆಯನ್ನು ಅವರ ಕಡೆಗೆ ತಿರುಗಿಸಬಹುದು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾಗಿ, ತಿರುಗುವ ಹಾಗೆಯೇ ಮಾಡಬೇಕು ಅಂತ ಆಸೆ. ಅದೊಂದು ಇನ್ನೂ ಬಾಕಿ.