‘ಟು ಡೆತ್’: ಯಾವ ಮಾತಿಗೆ ಹಚ್ಚಬೇಕು, ಎಲ್ಲಿ ಬಿಡಬೇಕು

ಇಂಗ್ಲಿಷ್ ಮಾತುಕತೆಯಲ್ಲಿ ‘ಟು ಡೆತ್’ ಎಂದು ಬಾಲ ಹಚ್ಚಿದಾಗ ಬಹುಪಾಲು ಯಾರೂ ಸಾಯುವುದಿಲ್ಲ. ಬೇಜಾರು, ಹೆದರಿಕೆ, ಚಿಂತೆ ತಾರಕಕ್ಕೇರಿದೆ ಎಂದಷ್ಟೇ ಅರ್ಥ. ನಾವು ‘ಸಾಯೋಷ್ಟು ಬೇಜಾರು’, ‘ಜೀವ ಹೋಗೋಷ್ಟು ಹೆದರಿಕೆ’ ಅನ್ನುವುದೂ ಇದೇ ಧಾಟಿಯಲ್ಲಿ. ಧಾಟಿ ಒಂದೇ ಆಗಿರುವುದೇ ತೊಡಕಿಗೆ ಮೂಲ. ಕನ್ನಡದ ‘ಸಾಯೋಷ್ಟು’ ಹಸಿವು, ಸೆಕೆ, ಕೋಪ, ಕೆಲಸ ಯಾವುದರ ಜೊತೆ ಬೇಕಾದರೂ ಕೂರುತ್ತದೆ. ‘ಟು ಡೆತ್’ ಅಷ್ಟು ಸಲೀಸಲ್ಲ, ಅದಕ್ಕೆ ಒಗ್ಗುವ ಪದಗಳು ಕೆಲವೇ.

ಮೊದಲು ಆ ಪದಗಳನ್ನು ಗಟ್ಟಿಮಾಡಿಕೊಳ್ಳಿ: ಬೋರ್ಡ್ (ಬೇಜಾರು), ಸ್ಕೇರ್ಡ್ ಮತ್ತು ಫ್ರೈಟನ್ಡ್ (ಹೆದರಿಕೆ), ವರೀಡ್ (ಚಿಂತೆ), ಸಿಕ್ (ರೋಸಿಹೋದದ್ದು), ಲವ್ (ಪ್ರೀತಿ). ದಿನಬಳಕೆಯ ಮುಕ್ಕಾಲು ಪಾಲು ಇಷ್ಟರಲ್ಲೇ ಮುಗಿಯುತ್ತದೆ. ಸಂತೋಷಕ್ಕೆ ‘ಥ್ರಿಲ್ಡ್ ಟು ಡೆತ್’ ಇದೆ. ‘ಹ್ಯಾಪಿ ಟು ಡೆತ್’, ‘ಆಂಗ್ರಿ ಟು ಡೆತ್’, ‘ಹಂಗ್ರಿ ಟು ಡೆತ್’ ಎಂದರೆ ಕೇಳಿದವರಿಗೆ ಅರ್ಥವಾದೀತು, ಆದರೆ ಕಿವಿಗೆ ಕಲ್ಲು ಸಿಕ್ಕಂತಾಗುತ್ತದೆ. ಸಾಯುವಷ್ಟು ಹಸಿವಾಗಿದ್ದರೆ ‘ಐ ಆಮ್ ಸ್ಟಾರ್ವಿಂಗ್’ ಎಂದರೆ ಸಾಕು.

ಇನ್ನು ಜೋಡಣೆ. ಬೇಜಾರು ಮಾಡಿದ ವಸ್ತು ಅಥವಾ ವ್ಯಕ್ತಿ ಮೊದಲು, ಕ್ರಿಯಾಪದ ಆಮೇಲೆ, ಬೇಜಾರಾದವರು ಅದರ ನಂತರ, ಕೊನೆಗೆ ‘ಟು ಡೆತ್’. ‘ದ ಮೀಟಿಂಗ್ ಬೋರ್ಡ್ ಮಿ ಟು ಡೆತ್.’ ‘ದ ಡಾಗ್ ಸ್ಕೇರ್ಡ್ ದ ಬಾಯ್ ಟು ಡೆತ್.’ ಇಲ್ಲಿ ‘ದ ಬಾಯ್’ ಕ್ರಿಯಾಪದಕ್ಕೂ ‘ಟು ಡೆತ್’ಗೂ ನಡುವೆಯೇ ಇರಬೇಕು. ‘ಸ್ಕೇರ್ಡ್ ಟು ಡೆತ್ ದ ಬಾಯ್’ ಎಂದು ಹಿಂದುಮುಂದಾದರೆ ವಾಕ್ಯ ಮುರಿಯಿತು. ಅನುಭವಿಸಿದವರಿಂದಲೇ ಶುರುಮಾಡುವುದಾದರೆ ‘ಐ ವಾಸ್ ಬೋರ್ಡ್ ಟು ಡೆತ್’.

ಅತಿ ಹೆಚ್ಚು ಎಡವುವುದು ‘ಬೋರ್ಡ್’ ಮತ್ತು ‘ಬೋರಿಂಗ್’ ನಡುವೆ. ‘ನಂಗೆ ಬೋರ್ ಆಗ್ತಿದೆ’ ಎಂಬುದನ್ನು ಹಾಗೇ ಎತ್ತಿಟ್ಟು ‘ಐ ಆಮ್ ಬೋರಿಂಗ್’ ಎಂದರೆ ‘ನಾನು ಇತರರಿಗೆ ಬೇಜಾರು ತರಿಸುವ ಆಸಾಮಿ’ ಎಂದಾಯಿತು. ‘ದ ಲೆಕ್ಚರ್ ವಾಸ್ ಬೋರಿಂಗ್ ಟು ಡೆತ್’ ಕೂಡ ಸರಿಯಲ್ಲ. ಕಾರಣ ಸರಳ: ಉಪನ್ಯಾಸ ಸಾಯುವುದಿಲ್ಲ, ಕೇಳುವವರು ಸಾಯಬೇಕು, ಸಾಯುವವರು ಯಾರೆಂದು ವಾಕ್ಯದಲ್ಲಿ ಕಾಣದಿದ್ದರೆ ‘ಟು ಡೆತ್’ಗೆ ನೆಲೆಯಿಲ್ಲ. ‘ದ ಲೆಕ್ಚರ್ ಬೋರ್ಡ್ ಅಸ್ ಟು ಡೆತ್’ ಎನ್ನಿ. ‘ದಿಸ್ ಲೆಕ್ಚರ್ ಈಸ್ ಬೋರಿಂಗ್ ಮಿ ಟು ಡೆತ್’ ಎಂಬುದೂ ಸರಿ, ಏಕೆಂದರೆ ನಡುವೆ ‘ಮಿ’ ಬಂದು ಕೂತಿದೆ.

ಯಾವುದರಿಂದ, ಯಾವುದರ ಬಗ್ಗೆ ಎಂದು ಹೇಳಬೇಕಾದರೆ ಮುಂದಿನ ಪುಟ್ಟ ಪದವನ್ನು ಜೋಡಿಯಾಗಿಯೇ ಕಲಿಯಿರಿ. ಹೆದರಿಕೆಗೆ ‘ಆಫ್’: ‘ಶೀ ಈಸ್ ಸ್ಕೇರ್ಡ್ ಟು ಡೆತ್ ಆಫ್ ಡಾಗ್ಸ್.’ ಚಿಂತೆಗೆ ‘ಅಬೌಟ್’. ಬೇಜಾರಿಗೆ ‘ವಿತ್’ ಅಥವಾ ‘ಬೈ’. ‘ಸಿಕ್ ಟು ಡೆತ್’ ಎಂಬುದಕ್ಕೆ ‘ಆಫ್’ ಇಲ್ಲದಿದ್ದರೆ ಈಗಿನ ಇಂಗ್ಲಿಷಿನಲ್ಲಿ ಕಾಯಿಲೆಯೋ ರೋಸಿಹೋದದ್ದೋ ಎಂಬ ಗೊಂದಲ ಹುಟ್ಟುತ್ತದೆ: ‘ಐ ಆಮ್ ಸಿಕ್ ಟು ಡೆತ್ ಆಫ್ ವೇಟಿಂಗ್’, ಅಂದರೆ ಕಾದು ಕಾದು ಸಾಕಾಗಿಹೋಗಿದೆ.

‘ವೆರಿ’ ಸೇರಿಸಬೇಡಿ. ‘ವೆರಿ ಬೋರ್ಡ್ ಟು ಡೆತ್’ ತಪ್ಪು. ಸಾವಿನ ಮೇಲೆ ಇನ್ನೊಂದು ಮೆಟ್ಟಿಲಿಲ್ಲ. ತುಸು ತಗ್ಗಿಸಲು ಮಾತ್ರ ದಾರಿ ಇದೆ: ‘ನಿಯರ್ಲಿ’ಯನ್ನು ಕ್ರಿಯಾಪದಕ್ಕಿಂತ ಮೊದಲು, ‘ಹಾಫ್’ ಅನ್ನು ‘ಟು ಡೆತ್’ಗಿಂತ ಮೊದಲು ಇಡಿ. ‘ಯೂ ಸ್ಕೇರ್ಡ್ ಮಿ ಹಾಫ್ ಟು ಡೆತ್!’ ಎಂದರೆ ನಮ್ಮ ‘ಅರ್ಧ ಜೀವ ಹೋಯ್ತು’ ಎಂಬುದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಈಗ ಅಪಾಯದ ಜಾಗ. ಬ್ಲೀಡ್, ಚೋಕ್, ಸ್ಟ್ಯಾಬ್, ಬೀಟ್ ಮುಂತಾದ ಕ್ರಿಯಾಪದಗಳ ಜೊತೆ ‘ಟು ಡೆತ್’ ಬಂದರೆ ಆಳು ನಿಜಕ್ಕೂ ಸತ್ತ. ‘ಹೀ ಬ್ಲೆಡ್ ಟು ಡೆತ್’ ಅಲಂಕಾರವಲ್ಲ, ಸಾವಿನ ಸುದ್ದಿ. ‘ಫ್ರೀಜ್’, ‘ಸ್ಟಾರ್ವ್’ ಎರಡೂ ಕಡೆ ಕಾಲಿಟ್ಟಿವೆ, ಅಲ್ಲಿ ಕಾಲ ಮತ್ತು ಪುರುಷ ನೋಡಿ ಅರ್ಥ ಮಾಡಬೇಕು. ‘ಐ ಆಮ್ ಫ್ರೀಜಿಂಗ್ ಟು ಡೆತ್’ ಎಂದು ಕಿಟಕಿ ಮುಚ್ಚಲು ಹೇಳುತ್ತಿರುವವರು ಚಳಿಯಲ್ಲಿ ನಡುಗುತ್ತಿದ್ದಾರಷ್ಟೇ. ‘ಟೂ ಕ್ಲೈಂಬರ್ಸ್ ಫ್ರೋಜ್ ಟು ಡೆತ್’ ಎಂದು ಪತ್ರಿಕೆಯಲ್ಲಿದ್ದರೆ ಇಬ್ಬರು ಪರ್ವತಾರೋಹಿಗಳು ಹೆಪ್ಪುಗಟ್ಟಿ ಸತ್ತಿದ್ದಾರೆ. ಹಾಗಾಗಿ ಇವೆರಡನ್ನು ನಿಮ್ಮ ಬಗ್ಗೆ, ಈಗ ನಡೆಯುತ್ತಿರುವಂತೆ ಹೇಳುವಾಗ ಮಾತ್ರ ಉತ್ಪ್ರೇಕ್ಷೆಗೆ ಬಳಸಿ. ‘ವರ್ಕ್ಡ್ ಹಿಮ್ಸೆಲ್ಫ್ ಟು ಡೆತ್’ ಕೂಡ ಇದೇ ಜಾತಿಯದು. ಬದುಕಿರುವವರ ಬಗ್ಗೆ ಬರೆಯುವಾಗ ಎರಡು ಸಲ ಯೋಚಿಸಿ.

ನಡುವೆ ‘ದ’ ಸೇರಿಸಿದರೆ ಬೇರೆಯೇ ನುಡಿಗಟ್ಟು. ‘ಫೈಟ್ ಟು ದ ಡೆತ್’ ಎಂದರೆ ಇಬ್ಬರಲ್ಲೊಬ್ಬರು ಬೀಳುವವರೆಗೆ ಕಾದಾಟ. ‘ಬೋರ್ಡ್ ಟು ದ ಡೆತ್’ ಇಲ್ಲ. ‘ಟಿಲ್ ಡೆತ್’ ಅವಧಿಯನ್ನು ಹೇಳುತ್ತದೆ, ತೀವ್ರತೆಯನ್ನಲ್ಲ. ‘ಪುಟ್ ಟು ಡೆತ್’ ಎಂದರೆ ಕೊಲ್ಲುವುದು, ಹೆಚ್ಚಾಗಿ ಮರಣದಂಡನೆ.

‘ಲವ್’ಗೆ ಒಂದು ಚಾಳಿ ಇದೆ. ‘ಐ ಲವ್ ಹಿಮ್ ಟು ಡೆತ್’ ಎಂದ ಮೇಲೆ ಆಗಾಗ ‘ಬಟ್’ ಬಂದೇ ಬರುತ್ತದೆ, ಅದರ ಹಿಂದೆ ದೂರು. ‘ಐ ಲವ್ ಮೈ ಬ್ರದರ್ ಟು ಡೆತ್, ಬಟ್ ಹೀ ನೆವರ್ ಲಿಸನ್ಸ್.’ ಅಣ್ಣನ ಮೇಲೆ ಪ್ರಾಣ ಇದೆ, ಹೇಳಿದ ಮಾತು ಮಾತ್ರ ಕೇಳಲ್ಲ. ಇನ್ನೊಂದು ಬಳಕೆ ವಿಷಯಗಳ ಬಗ್ಗೆ: ‘ದಿಸ್ ಟಾಪಿಕ್ ಹ್ಯಾಸ್ ಬೀನ್ ಡನ್ ಟು ಡೆತ್’ ಎಂದರೆ ಈ ವಿಷಯವನ್ನು ಎಲ್ಲರೂ ಅರೆದು ಅರೆದು ಸತ್ವ ಉಳಿದಿಲ್ಲ. ವಿಮರ್ಶೆ ಬರೆಯುವವರಿಗೆ ಇದು ಬಲು ಪ್ರಿಯ, ಈ ವಾಕ್ಯವನ್ನೇ ಅವರು ಅರೆದಿದ್ದಾರೆ ಅನ್ನುವುದು ಬೇರೆ ಮಾತು.

ಇದು ಇತ್ತೀಚಿನ ಹುಡುಗರ ಮಾತಲ್ಲ. 1611ರ ಇಂಗ್ಲಿಷ್ ಅನುವಾದವಾದ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ ದೆಲೀಲ ಎಂಬಾಕೆ ದಿನವೂ ಪೀಡಿಸಿ ಪೀಡಿಸಿ ಅವಳ ಪ್ರಿಯಕರ ಸಂಸೋನನ ಮನಸ್ಸು ‘ವೆಕ್ಸ್ಡ್ ಅಂಟು ಡೆತ್’ (ಸಾಯುವಷ್ಟು ರೋಸಿದ್ದು) ಆಯಿತೆಂದಿದೆ. ಅಷ್ಟು ಹಳೆಯದಾದರೂ ಈಗ ಇದರ ಜಾಗ ಮಾತುಕತೆ, ಸಂದೇಶ, ಸಲುಗೆಯ ಪತ್ರ. ಕಚೇರಿಯ ಪತ್ರದಲ್ಲಿ ‘ವರೀಡ್ ಟು ಡೆತ್’ ಬದಲು ‘ಎಕ್ಸ್‌ಟ್ರೀಮ್ಲಿ ಕನ್ಸರ್ನ್ಡ್’ ಬರೆಯಿರಿ. ಸಾವಾದ ಮನೆಯವರೊಂದಿಗೆ, ಅಪಘಾತದ ವರದಿಯಲ್ಲಿ, ರೋಗಿಯ ಸ್ಥಿತಿ ವಿವರಿಸುವಾಗ ಅಪ್ಪಿತಪ್ಪಿಯೂ ಬೇಡ.

ಉಚ್ಚಾರದಲ್ಲಿ ‘ಟು’ ಹಗುರ, ಬರೀ ‘ಟ’ ಎಂಬಂತೆ. ಒತ್ತು ಬೀಳಬೇಕಾದದ್ದು ‘ಡೆತ್’ ಮೇಲೆ. ಕೊನೆಯ ಸದ್ದಿಗೆ ನಾಲಿಗೆಯ ತುದಿ ಹಲ್ಲಿಗೆ ತಾಗಿಯೂ ತಾಗದಂತಿದ್ದು ಗಾಳಿ ಹೊರಬರಬೇಕು. ‘ಟ್’ ಎಂದರೆ ‘ಡೆಟ್’ ಆಗಿ, ಸಾವು ಹೋಗಿ ಸಾಲ ಬರುತ್ತದೆ.

ಒಂದೇ ಬರಹದಲ್ಲಿ ಎರಡನೇ ಸಲ ಬೇಕೆನಿಸಿದರೆ ಪರ್ಯಾಯ ಬಳಸಿ: ಬೇಜಾರಿಗೆ ‘ಬೋರ್ಡ್ ಸ್ಟಿಫ್’, ಹೆದರಿಕೆಗೆ ‘ಸ್ಕೇರ್ಡ್ ಸ್ಟಿಫ್’, ಚಿಂತೆಗೆ ‘ವರೀಡ್ ಸಿಕ್’. ಇವನ್ನೂ ಜೋಡಿಯಾಗಿಯೇ ಇಟ್ಟುಕೊಳ್ಳಿ, ‘ಬೋರ್ಡ್ ಸಿಕ್’ ಎಂದು ಅದಲುಬದಲು ಮಾಡಿದರೆ ನಡೆಯುವುದಿಲ್ಲ.